ಪಿಲಿಯೂ ಕಶಾಂಗವೂ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಬ್ಯಾಕ್ಟೀರಿಯಾಗಳ ಮೈಮೇಲಿನ ಕೂದಲಿನಂಥ ಎಳೆಗಳಾದ ಪಿಲಿಗಳನ್ನೂ ಅವುಗಳಿಗೆ ಈಜಲು ನೆರವಾಗುವ ಕಶಾಂಗಗಳನ್ನೂ ಒಂದೇ ಎಂಬಂತೆ ಬರೆಯುವುದನ್ನು ವಿಜ್ಞಾನ ಬರಹಗಳಲ್ಲಿ ಆಗಾಗ ಕಾಣುತ್ತೇನೆ. ಕಶಾಂಗವು ಬುಡದಲ್ಲಿರುವ ಯಂತ್ರದಿಂದ ಗರಗರ ತಿರುಗುತ್ತದೆ. ಪಿಲಿಯ ಮುಖ್ಯ ಕೆಲಸ ಹಿಡಿದುಕೊಳ್ಳುವುದು.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಮೊದಲನೇ ಬಗೆಯ ಪಿಲಿಯ ದಪ್ಪ ಸುಮಾರು 7 ನ್ಯಾನೋಮೀಟರ್ ಮಾತ್ರ, ಉದ್ದ 1ರಿಂದ 2 ಮೈಕ್ರೋಮೀಟರ್. ಅದರ ಪ್ರೋಟೀನ್ ಘಟಕಗಳು ಒಳಪೊರೆಯನ್ನು ದಾಟಿದ ಕೂಡಲೇ ಸಹಾಯಕ ಪ್ರೋಟೀನೊಂದು ಅವುಗಳನ್ನು ಹಿಡಿದು ಹೊರಪೊರೆಯ ರಂಧ್ರದತ್ತ ಒಯ್ಯುತ್ತದೆ. ಅಲ್ಲಿ ಪ್ರತಿ ಘಟಕದ ಮಡಿಕೆಯಲ್ಲಿ ಉಳಿದಿರುವ ತೆರವನ್ನು ಅದರ ಹಿಂದೆ ಬರುವ ಘಟಕದ ಬಾಲದಂಥ ತುದಿ ತುಂಬುವುದರಿಂದ, ಎಳೆ ಬುಡದ ಕಡೆಯಿಂದ ಬೆಳೆಯುತ್ತ ಹೋಗುತ್ತದೆ. ಈ ಜೋಡಣೆಗೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಶಕ್ತಿಯೂ ಬೇಕಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಎಲ್ಲಕ್ಕಿಂತ ಮೊದಲು ಹೊರಬರುವ ತುದಿಯ ಪ್ರೋಟೀನು ಮೂತ್ರಕೋಶದ ಒಳಪದರದಲ್ಲಿರುವ ಮ್ಯಾನೋಸ್ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಮೂತ್ರದ ಹರಿವು ಎಳೆದಷ್ಟೂ ಈ ಹಿಡಿತ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಸೋಂಕು ಸುಲಭವಾಗಿ ತೊಳೆದುಹೋಗದಿರಲು ಇದೂ ಒಂದು ಕಾರಣ. ಆದ್ದರಿಂದಲೇ, ಮ್ಯಾನೋಸ್‌ನ್ನು ಹೋಲುವ ಸಂಯುಕ್ತಗಳಿಂದ ಆ ತುದಿಯನ್ನು ಮೊದಲೇ ಮುಚ್ಚಿಬಿಡುವ ಸಂಶೋಧನೆ ನಡೆದಿದೆ.

ನಾಲ್ಕನೇ ಬಗೆಯ ಪಿಲಿಗಳ ರೀತಿಯೇ ಬೇರೆ: ಅವು ಎಟಿಪಿಯನ್ನು ಬಳಸಿ ಚಾಚುತ್ತವೆ, ಅಂಟುತ್ತವೆ, ಮತ್ತೆ ಒಳಗೆ ಸೆಳೆದುಕೊಂಡು ಜೀವಕೋಶವನ್ನೇ ಮುಂದಕ್ಕೆ ಎಳೆಯುತ್ತವೆ. ಸಂಯುಗ್ಮನದ, ಅಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಡಿಎನ್‌ಎ ದಾಟಿಸುವ ಕ್ರಿಯೆಯ, ಪಿಲಿಯಾದರೋ ಎರಡು ಜೀವಕೋಶಗಳನ್ನು ಹತ್ತಿರ ತರುವುದರಿಂದ, ಆ್ಯಂಟಿಬಯಾಟಿಕ್ ನಿರೋಧಕ ಜೀನ್‌ಗಳು ಹರಡಲು ದಾರಿಯಾಗುತ್ತದೆ.

ಇಂಥ ವಿಷಯ ಪ್ರಕಟಿಸುವಾಗ ಎರಡೂ ಅಂಗಗಳನ್ನು ಬೇರೆಬೇರೆಯಾಗಿ ತೋರಿಸುವ ಚಿತ್ರವನ್ನು ಜೊತೆಗೆ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ