ಮಿನಿಯಾಪೊಲಿಸ್‌ಗೆ ಬರುವ ಗೆಳೆಯನಿಗೊಂದು ಪತ್ರ: ಸ್ನೋ ಬಿದ್ದಾಗ ಸಿಟಿಯ ಕೆಲಸ ಯಾವುದು, ನಿನ್ನ ಕೆಲಸ ಯಾವುದು

ಪ್ರಿಯ ರಾಘು,

ಡಿಸೆಂಬರ್‌ನಲ್ಲಿ ಮನೆಯವರ ಸಮೇತ ಮಿನಿಯಾಪೊಲಿಸ್‌ಗೆ ಬರುತ್ತಿದ್ದೀಯ ಅಂತ ತಿಳಿದು ತುಂಬಾ ಸಂತೋಷವಾಯಿತು. ಜಾಕೆಟ್ಟು, ಬೂಟು, ಗ್ಲೌಸಿನ ವಿಷಯ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಸ್ನೋ ಬಿದ್ದ ರಾತ್ರಿ ಕಾರು ಎಲ್ಲಿ ನಿಲ್ಲಿಸಬೇಕು, ಮನೆ ಮುಂದಿನದನ್ನು ಯಾರು ತೆಗೆಯಬೇಕು, ಎಷ್ಟು ಹೊತ್ತಿನೊಳಗೆ ಅನ್ನುವುದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಹೊಸಬರಿಗೆ ಅದು ಗೊತ್ತಾಗುವುದು ಕಾರು ಟೋ ಆದ ಮೇಲೆ. ಅದಕ್ಕೇ ಈ ಪತ್ರ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ಬೆಂಗಳೂರಿನಲ್ಲಿ ಫುಟ್‌ಪಾತ್ ಪಾಲಿಕೆಯದು, ನಮ್ಮದು ಗೇಟಿನ ಒಳಗಿನದು ಮಾತ್ರ. ಇಲ್ಲಿ ರಸ್ತೆ ಮತ್ತು ಹಿತ್ತಿಲ ಓಣಿ, ಅಂದರೆ ಆ್ಯಲಿ, ಸಿಟಿಯವರ ಪಾಲು. ಮನೆ ಮುಂದಿನ ಸೈಡ್‌ವಾಕ್ ಮನೆಯವರ ಪಾಲು. ಸಿಟಿಯವರು ತಮ್ಮ ಪಾಲನ್ನು ಮಾಡಬೇಕಾದರೂ ನೀನು ಕಾರು ಸರಿಸಿ ಜಾಗ ಬಿಡಬೇಕು. ನಿಲ್ಲಿಸಿದ ಒಂದೇ ಒಂದು ಕಾರಿನ ಸುತ್ತ ಪ್ಲೌ, ಅಂದರೆ ಸ್ನೋ ತಳ್ಳುವ ಅಲಗಿನ ಲಾರಿ, ಬಳಸಿಕೊಂಡು ಹೋದರೆ, ಅಲ್ಲಿ ಉಳಿದ ದಿಬ್ಬ ಎರಡೇ ದಿನದಲ್ಲಿ ಕಲ್ಲಿನಂತಾಗುತ್ತದೆ. ಆಮೇಲೆ ಅದು ಕರಗುವುದು ಮಾರ್ಚಿಗೆ.

ಹೆಚ್ಚು ಸ್ನೋ ಬಿದ್ದಾಗ ಸಿಟಿ 'ಸ್ನೋ ಎಮರ್ಜೆನ್ಸಿ' ಘೋಷಿಸುತ್ತದೆ. ಘೋಷಣೆ ಸಂಜೆ 6 ಗಂಟೆಯೊಳಗೆ ಬರುತ್ತದೆ. ಸಾವಿರ ಮೈಲಿಗೂ ಹೆಚ್ಚು ಉದ್ದದ ರಸ್ತೆಗಳನ್ನು ಒಂದೇ ರಾತ್ರಿಯಲ್ಲಿ ತೆಗೆಯಲಾಗುವುದಿಲ್ಲವಲ್ಲ, ಅದಕ್ಕೇ ಕೆಲಸವನ್ನು ಮೂರು ಸರದಿ ಮಾಡಿದ್ದಾರೆ. ಮಂಗಳವಾರ ಘೋಷಣೆಯಾಯಿತು ಅಂತ ಇಟ್ಟುಕೋ. ಮಂಗಳವಾರ ರಾತ್ರಿ 9ರಿಂದ ಬುಧವಾರ ಬೆಳಿಗ್ಗೆ 8ರವರೆಗೆ ಮೊದಲ ದಿನ. ಆಗ 'ಸ್ನೋ ಎಮರ್ಜೆನ್ಸಿ ರೂಟ್' ಅನ್ನುವ ಮುಖ್ಯ ರಸ್ತೆಗಳ ಎರಡೂ ಬದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಇವುಗಳ ಗುರುತು ಕೆಂಪು ಬೋರ್ಡು, ಇಲ್ಲವೇ ನೀಲಿ ಬಣ್ಣದ ಬೀದಿ ಹೆಸರಿನ ಫಲಕ. ಬುಧವಾರ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎರಡನೇ ದಿನ. ಆಗ ಉಳಿದ ಬೀದಿಗಳಲ್ಲಿ ಸಮಸಂಖ್ಯೆಯ ಮನೆಗಳಿರುವ ಬದಿ ಖಾಲಿ ಇರಬೇಕು. ಕೆರೆ, ಪಾರ್ಕುಗಳ ಪಕ್ಕದ ಪಾರ್ಕ್‌ವೇಗಳಲ್ಲಿ ಎರಡೂ ಬದಿ ಖಾಲಿ ಇರಬೇಕು. ಗುರುವಾರ ಅದೇ 8ರಿಂದ 8ರವರೆಗೆ ಬೆಸಸಂಖ್ಯೆಯ ಬದಿಯ ಸರದಿ.

ಓದಲು ಸುಲಭವಾಗಿ ಕಂಡರೂ ಜನ ತಪ್ಪುವುದು ಇಲ್ಲೇ. 'ಮೊದಲ ದಿನ' ಅಂದರೆ ನಾಳೆ ಬೆಳಿಗ್ಗೆ ಅಂದುಕೊಂಡು ಮಲಗುತ್ತಾರೆ. ಅಲ್ಲ ಕಣೋ, ಅದು ಇವತ್ತು ರಾತ್ರಿ 9ಕ್ಕೇ ಶುರು. ನಿನ್ನ ಮನೆ ನಂಬರ್ 3524 ಆಗಿದ್ದು ಬೀದಿ ರೂಟ್ ಅಲ್ಲದಿದ್ದರೆ, ಮಂಗಳವಾರ ರಾತ್ರಿ ಮನೆ ಮುಂದೆಯೇ ನಿಲ್ಲಿಸಬಹುದು. ಆದರೆ ಬುಧವಾರ ಬೆಳಿಗ್ಗೆ 8ಕ್ಕೆ ಮುಂಚೆ ಎದುರು ಬದಿಗೆ ಹೋಗಲೇಬೇಕು, ಗುರುವಾರ ಬೆಳಿಗ್ಗೆ 8ಕ್ಕೆ ಮುಂಚೆ ಮತ್ತೆ ಮನೆ ಬದಿಗೆ ಬರಬೇಕು. ಮೂಲೆ ಮನೆಯವರಿಗೆ ಇನ್ನೊಂದು ಗೊಂದಲ: ಪಕ್ಕದ ಅಡ್ಡರಸ್ತೆಯಲ್ಲಿ ನಿಲ್ಲಿಸಿದರೆ ಲೆಕ್ಕಕ್ಕೆ ಬರುವುದು ಆ ರಸ್ತೆಗೆ ಮುಖ ಮಾಡಿದ ಮನೆಗಳ ನಂಬರು, ನಿನ್ನ ಮನೆಯದಲ್ಲ.

ಆ ಬದಿಯಲ್ಲಿ ಪ್ಲೌ ಪೂರ್ತಿ ಮುಗಿದಿದ್ದರೆ ಅವಧಿ ಮುಗಿಯುವ ಮುಂಚೆಯೂ ಕಾರು ನಿಲ್ಲಿಸಬಹುದು. 'ಪೂರ್ತಿ' ಅಂದರೆ ರಸ್ತೆಯ ಅಂಚಿನ ಕರ್ಬ್‌ವರೆಗೆ. ಲಾರಿ ಒಂದು ಸಲ ನಡುವಿನಲ್ಲಿ ದಾಟಿ ಹೋದದ್ದನ್ನು ನೋಡಿ ಮುಗಿಯಿತು ಅಂದುಕೊಂಡರೆ, ಅದು ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಟಿಕೆಟ್ಟೂ ಟೋ ಲಾರಿಯೂ ಬಂದಿರುತ್ತವೆ. ಟೋ ಆದ ಕಾರು ಇಂಪೌಂಡ್ ಲಾಟಿಗೆ, ಅಂದರೆ ಎಳೆದೊಯ್ದ ಕಾರುಗಳನ್ನು ಇಡುವ ಜಾಗಕ್ಕೆ, ಹೋಗುತ್ತದೆ. ದಂಡ ಬೇರೆ, ಟೋ ಹಣ ಬೇರೆ, ಬಿಡಿಸಿಕೊಳ್ಳಲು ತಡಮಾಡಿದಷ್ಟೂ ಬಾಡಿಗೆ ಬೇರೆ. ಬಂದ ಕೂಡಲೇ ಸಿಟಿಯ ಸ್ನೋ ಎಮರ್ಜೆನ್ಸಿ ಸಂದೇಶಗಳಿಗೆ ನಿಮ್ಮಿಬ್ಬರ ಫೋನನ್ನೂ ಸೇರಿಸು. ಅನುಮಾನ ಬಂದರೆ 311ಕ್ಕೆ ಫೋನ್ ಮಾಡು. ಅದು ಸಿಟಿಯ ಎಲ್ಲ ಇಲಾಖೆಗಳಿಗೂ ಒಂದೇ ಬಾಗಿಲು.

ಸ್ನೋ ವಿಪರೀತವಾದ ವರ್ಷ ಇನ್ನೊಂದು ನಿಯಮ ಬರುತ್ತದೆ. ದಿಬ್ಬಗಳು ಬೆಳೆದು ಬೀದಿ ಎಷ್ಟು ಇಕ್ಕಟ್ಟಾಗುತ್ತದೆ ಅಂದರೆ ಫೈರ್ ಎಂಜಿನ್ ನುಗ್ಗಲಾಗುವುದಿಲ್ಲ. ಆಗ ರೂಟ್ ಅಲ್ಲದ ಬೀದಿಗಳ ಸಮಸಂಖ್ಯೆಯ ಬದಿಯಲ್ಲಿ ಏಪ್ರಿಲ್ 1ರವರೆಗೂ ಪಾರ್ಕಿಂಗ್ ನಿಲ್ಲಿಸಿಬಿಡಬಹುದು. 2022-23ರ ಚಳಿಗಾಲದಲ್ಲಿ ಇಲ್ಲಿ ಸುಮಾರು 90 ಇಂಚು ಬಿದ್ದಾಗ ಹೀಗೇ ಮಾಡಿದ್ದರು. ಸಾಮಾನ್ಯ ವರ್ಷದಲ್ಲಿ ಬೀಳುವುದು 50 ಇಂಚಿನ ಆಸುಪಾಸು. ಹಾಗಾಗಿ ಮನೆ ಹುಡುಕುವಾಗ ಹಿತ್ತಿಲಲ್ಲಿ ಗ್ಯಾರೇಜ್ ಇದೆಯಾ ಅಂತ ಮೊದಲು ಕೇಳು. ಅಡುಗೆಮನೆಗೆ ಹೊಸ ಕೌಂಟರ್ ಇದೆಯೋ ಇಲ್ಲವೋ ಆಮೇಲೆ ನೋಡಿದರಾಯಿತು.

ಇವೆಲ್ಲ ಮಿನಿಯಾಪೊಲಿಸ್ ನಿಯಮಗಳು ಮಾತ್ರ. ನದಿ ದಾಟಿದರೆ ಸೇಂಟ್ ಪಾಲ್. ಅಲ್ಲಿ ಸಮ-ಬೆಸದ ಲೆಕ್ಕವಿಲ್ಲ; ರಾತ್ರಿ ಪ್ಲೌ ಮಾಡುವ ರಸ್ತೆ, ಹಗಲು ಪ್ಲೌ ಮಾಡುವ ರಸ್ತೆ ಅಂತ ಬೋರ್ಡು ನೋಡಬೇಕು. ಮೇಪಲ್ ಗ್ರೋವ್‌ನ ದೇವಸ್ಥಾನದ ಹತ್ತಿರ ಮನೆ ಮಾಡಿದರೆ ಅದು ಬೇರೆಯೇ ಊರು, ಅಲ್ಲಿನ ನಿಯಮ ಬೇರೆ.

ಇನ್ನು ನಿನ್ನ ಪಾಲಿನ ಸೈಡ್‌ವಾಕ್. ಒಂಟಿ ಮನೆ ಮತ್ತು ಡ್ಯೂಪ್ಲೆಕ್ಸ್‌ಗಳಿಗೆ (ಇಲ್ಲಿ ಡ್ಯೂಪ್ಲೆಕ್ಸ್ ಅಂದರೆ ಎರಡು ಸಂಸಾರದ ಕಟ್ಟಡ) ಸ್ನೋ ನಿಂತ ಮೇಲೆ 24 ಗಂಟೆ ಸಮಯ. ಅಪಾರ್ಟ್‌ಮೆಂಟ್, ಅಂಗಡಿಗಳಿಗೆ ಹಗಲಿನ 4 ಗಂಟೆ ಮಾತ್ರ. ಒಬ್ಬರು ನಡೆಯುವಷ್ಟು ಸಾಲು ಕೊರೆದರೆ ಸಾಲದು. ಅಂಚಿನಿಂದ ಅಂಚಿಗೆ, ಕಾಂಕ್ರೀಟು ಕಾಣುವವರೆಗೆ ತೆಗೆಯಬೇಕು. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಹೋಗಬೇಕಲ್ಲ. ಮೂಲೆ ಮನೆಯಾದರೆ ರಸ್ತೆಗಿಳಿಯುವ ಇಳಿಜಾರಿನವರೆಗೂ ತೆಗೆಯಬೇಕು, ಪ್ಲೌ ಅಲ್ಲಿ ತಳ್ಳಿ ಹೋದ ಏರಿಯನ್ನೂ ಸೇರಿಸಿ. ತೆಗೆದ ಸ್ನೋವನ್ನು ರಸ್ತೆಗಾಗಲಿ ಆ್ಯಲಿಗಾಗಲಿ ಎಸೆಯುವುದು ಕಾನೂನಿಗೆ ವಿರುದ್ಧ. ನಿನ್ನ ಹುಲ್ಲಿನ ಮೇಲೇ ಹಾಕು. ಮಾಡದಿದ್ದರೆ ಸಿಟಿ ನೋಟಿಸ್ ಕೊಟ್ಟು, ಆಮೇಲೆ ತಾನೇ ಜನ ಕಳಿಸಿ ತೆಗೆಸಿ, ಮನೆ ಮಾಲೀಕರಿಗೆ ಬಿಲ್ ಹಾಕುತ್ತದೆ. ಬಾಡಿಗೆ ಮನೆಯಾದರೆ ಶವೆಲ್ ಮಾಡುವವರು ಯಾರು ಅಂತ ಕರಾರಿನಲ್ಲಿ ನೋಡಿಯೇ ಸಹಿ ಹಾಕು.

ಶವೆಲ್ ಮಾಡುವುದಕ್ಕೂ ಒಂದು ಕ್ರಮವಿದೆ. ಯಾರಾದರೂ ತುಳಿಯುವ ಮುಂಚೆ ತೆಗೆ. ಹೊಸ ಸ್ನೋ ರವೆಯ ಹಾಗೆ ಸಲಿಕೆಯ ಮುಂದೆ ಜಾರುತ್ತದೆ. ಅದರ ಮೇಲೆ ಹತ್ತು ಹೆಜ್ಜೆ ಬಿದ್ದರೆ ಆ ಹತ್ತು ಜಾಗದಲ್ಲೂ ಬೂಟಿನ ಆಕಾರದ ಮಂಜುಗಡ್ಡೆ ಅಂಟಿಕೊಳ್ಳುತ್ತದೆ, ಅದನ್ನು ಕೆರೆಯಲು ಕಬ್ಬಿಣದ ಅಲಗೇ ಬೇಕು. 10 ಇಂಚು ಬೀಳುವುದಿದ್ದರೆ ಎಲ್ಲ ಮುಗಿಯಲಿ ಅಂತ ಕಾಯಬೇಡ, ಮೂರ್ನಾಲ್ಕು ಇಂಚಿಗೊಮ್ಮೆ ತೆಗೆ. ಆದಷ್ಟೂ ತಳ್ಳು, ಎತ್ತಿ ಎಸೆಯಬೇಡ. ಒದ್ದೆ ಸ್ನೋ ಒಂದು ಘನ ಅಡಿಗೆ 20 ಪೌಂಡ್ ತೂಗುತ್ತದೆ; ಚಳಿಯಲ್ಲಿ ಅದನ್ನು ಎತ್ತುವುದು ಹೃದಯಕ್ಕೆ ದೊಡ್ಡ ಹೊರೆ. ಅಪ್ಪ ಬಂದಾಗ ಎಷ್ಟೇ ಉತ್ಸಾಹದಿಂದ ಕೇಳಿದರೂ ಅವರ ಕೈಗೆ ಸಲಿಕೆ ಕೊಡಬೇಡ.

ಡ್ರೈವ್‌ವೇ, ಅಂದರೆ ಕಾರು ಒಳಬರುವ ದಾರಿ, ಬೀದಿಗೇ ತೆರೆಯುವ ಮನೆಯಾದರೆ, ನೀನು ತೆಗೆದು ಮುಗಿಸಿದ ಮೇಲೆ ಪ್ಲೌ ಬಂದು ಬಾಯಿಗೇ ಒಂದು ಏರಿ ಹಾಕಿ ಹೋಗುತ್ತದೆ. ಚಾಲಕನ ಮೇಲೆ ಸಿಟ್ಟಾಗಿ ಫಲವಿಲ್ಲ. ಅಲಗು ಒಂದೇ ಬದಿಗೆ ತಳ್ಳುತ್ತಾ ಹೋಗುತ್ತದೆ, ಪ್ರತಿ ಮನೆಯೆದುರೂ ಅದನ್ನು ಎತ್ತಲಾಗುವುದಿಲ್ಲ. ಇದಕ್ಕೆ ಉಪಾಯವಿದೆ. ಡ್ರೈವ್‌ವೇಯಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲು. ಪ್ಲೌ ನಿನ್ನ ಎಡದಿಂದ ಬರುತ್ತದೆ. ಆದ್ದರಿಂದ ತೆಗೆದದ್ದನ್ನೆಲ್ಲ ಬಲಕ್ಕೆ ಹಾಕು; ಎಡಬದಿಯಲ್ಲಿ ಕರ್ಬ್ ಪಕ್ಕ ಒಂದು ಕಾರಿನಷ್ಟು ಉದ್ದ ಜಾಗವನ್ನು ಖಾಲಿ ಮಾಡಿಡು. ಪ್ಲೌ ಹೊತ್ತು ತಂದದ್ದು ಆ ಖಾಲಿ ಜಾಗಕ್ಕೆ ಸುರಿಯುತ್ತದೆ, ನಿನ್ನ ಬಾಗಿಲಿಗೆ ಬರುವುದು ಸ್ವಲ್ಪವೇ.

ಮಂಜುಗಡ್ಡೆ ಕರಗಿಸಲು ನೆಲಕ್ಕೆ ಹಾಕುವ ಉಪ್ಪಿನ ವಿಷಯದಲ್ಲಿ ನಮ್ಮವರು ಧಾರಾಳಿಗಳು. ಚೀಲ ಹರಿದು ಸುರಿದುಬಿಡುತ್ತಾರೆ. 12 ಔನ್ಸಿನ ಒಂದು ಕಾಫಿ ಮಗ್ಗಿನಷ್ಟು ಉಪ್ಪು 20 ಅಡಿ ಡ್ರೈವ್‌ವೇಗೆ, ಇಲ್ಲವೇ ಸೈಡ್‌ವಾಕಿನ 10 ಚೌಕಗಳಿಗೆ ಸಾಕು. ಹರಳಿಗೂ ಹರಳಿಗೂ ನಡುವೆ 3 ಇಂಚು ಅಂತರವಿದ್ದರೆ ಸರಿ. ಶವೆಲ್ ಮಾಡಿದ ಮೇಲೆ ಹಾಕು, ಮುಂಚೆ ಅಲ್ಲ. ನೆಲ 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 9 ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಸಾಮಾನ್ಯ ಉಪ್ಪು ಕೆಲಸವನ್ನೇ ಮಾಡುವುದಿಲ್ಲ. ಜನವರಿಯಲ್ಲಿ ಬೀದಿಗಳು ಉಪ್ಪು ಬಿದ್ದರೂ ಬಿಳಿಯಾಗಿಯೇ ಇರುವುದು ಇದಕ್ಕೇ. ಅಂಥ ದಿನ ಮರಳು ಹಾಕು. ಮರಳು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ ಅಷ್ಟೆ. ಸಿಟಿ ನಿವಾಸಿಗಳಿಗೆ ಮರಳನ್ನು ಪುಕ್ಕಟೆ ಕೊಡುತ್ತದೆ, ಬಕೆಟ್ಟೂ ಸಲಿಕೆಯೂ ನೀನೇ ಒಯ್ಯಬೇಕು. ಜಾಗ ಎಲ್ಲಿ ಅಂತ 311 ಹೇಳುತ್ತದೆ.

ಉಪ್ಪನ್ನು ಕಮ್ಮಿ ಹಾಕು ಅಂತ ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಈ ಊರಿನ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ. ನೇರ ಕೆರೆ, ತೊರೆ, ಮಿಸಿಸಿಪ್ಪಿಗೆ ಹೋಗುತ್ತದೆ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನು ಕೆಡಿಸುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡ್ ಮತ್ತೆ ನೀರಿನಿಂದ ಹೊರಹೋಗುವುದಿಲ್ಲ. ಬೇಸಿಗೆಯಲ್ಲಿ ನಿನ್ನ ಮಕ್ಕಳು ಈಜುವ ನೋಕೋಮಿಸ್ ಕೆರೆಗೇ ಅದು ಸೇರುವುದು. ನೆಲ ಒಣಗಿದ ಮೇಲೆ ಉಳಿದ ಹರಳನ್ನು ಗುಡಿಸಿ ಡಬ್ಬಿಗೆ ತುಂಬಿಟ್ಟುಕೋ, ಮುಂದಿನ ಸಲಕ್ಕೆ ಬರುತ್ತದೆ.

ಅಮ್ಮನಿಗೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ರೂಢಿ ಇದೆಯಲ್ಲ, ಅದನ್ನು ಮೊದಲೇ ಹೇಳಿಬಿಡು. ಒಂದು ತಂಬಿಗೆ ನೀರು ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದ ಗಾಜಾಗುತ್ತದೆ. ಪೋಸ್ಟಿನವರು ಜಾರಿ ಬೀಳುವುದು ಅಲ್ಲೇ. ರಂಗೋಲಿಯನ್ನು ಹೊಸ್ತಿಲ ಒಳಗೆ ಹಾಕಲಿ.

ಮನೆಯೆದುರು ಫೈರ್ ಹೈಡ್ರಂಟ್, ಅಂದರೆ ಬೆಂಕಿ ನಂದಿಸಲು ನೀರು ಕೊಡುವ ಕೊಳಾಯಿ, ಇದ್ದರೆ ಸುತ್ತ 3 ಅಡಿ ತೆಗೆದು, ರಸ್ತೆಯಿಂದ ಅದಕ್ಕೆ ಒಂದು ದಾರಿ ಮಾಡಿಡು. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಸ್ನೋ ಅಗೆಯುತ್ತಾ ನಿಂತರೆ ಹೊತ್ತಿ ಉರಿಯುವುದು ಅದೇ ಬೀದಿಯ ಮನೆ. ಕಸದ ಕಾರ್ಟುಗಳ ಸುತ್ತಲೂ ತೆಗೆದಿಡು, ಚಕ್ರ ಉರುಳದಿದ್ದರೆ ಕಸದವರು ಕಸ ಒಯ್ಯುವುದಿಲ್ಲ. ಮನೆ ಬೆಚ್ಚಗಿಡುವ ಫರ್ನೇಸಿನ ಬಿಳಿ ಪೈಪುಗಳು ಗೋಡೆಯಿಂದ ಹೊರಬರುವ ಜಾಗವನ್ನೂ ನೋಡು. ಅವು ಮುಚ್ಚಿದರೆ ಹೀಟರ್ ನಿಲ್ಲುತ್ತದೆ, ಇಲ್ಲವೇ ವಿಷಗಾಳಿ ಒಳಗೆ ಬರುತ್ತದೆ.

ನೀರಿನ ಮುಖ್ಯ ಕೊಳವೆಗಳನ್ನು ಇಲ್ಲಿ ಏಳೆಂಟು ಅಡಿ ಆಳದಲ್ಲಿ ಹೂಳುತ್ತಾರೆ. ಆದರೂ ಕೊರೆಯುವ ಚಳಿಯಲ್ಲಿ ಒಡೆಯುವುದುಂಟು. ರಸ್ತೆಯಲ್ಲಿ ನೀರು ಚಿಮ್ಮಿ ಮಂಜಾಗುತ್ತಿದ್ದರೆ ತಕ್ಷಣ ಸಿಟಿಗೆ ತಿಳಿಸು. ಮನೆಯಲ್ಲಿ ಒಂದೇ ನಲ್ಲಿ ನಿಂತರೆ ಒಳಗಿನ ಪೈಪು ಹೆಪ್ಪುಗಟ್ಟಿದೆ ಅಂತ ಅರ್ಥ: ಸಿಂಕಿನ ಕೆಳಗಿನ ಬಾಗಿಲು ತೆರೆದಿಡು, ಹೇರ್ ಡ್ರೈಯರ್ ಹಿಡಿ, ಬೆಂಕಿ ಬೇಡವೇ ಬೇಡ. ಎಲ್ಲ ನಲ್ಲಿಯೂ ನಿಂತರೆ ಹೊರಗಿನ ತೊಂದರೆ. ರಸ್ತೆಯ ಕೊಳವೆಯಿಂದ ಮನೆಗೆ ಬರುವ ಪೈಪು ಮಾಲೀಕರ ಹೊಣೆ.

ರಜೆಗೆ ಊರಿಗೆ ಹೋಗುವವರು ಮಾಡುವ ತಪ್ಪು ಇನ್ನೊಂದಿದೆ. ಕಾರನ್ನು ಬೀದಿಯಲ್ಲೇ ಬಿಟ್ಟು ಮೂರು ವಾರ ಹೋಗುತ್ತಾರೆ. ಇಲ್ಲಿ ಒಂದೇ ಜಾಗದಲ್ಲಿ 72 ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಸ್ನೋ ಎಮರ್ಜೆನ್ಸಿ ಬಂದರಂತೂ ಕಥೆ ಮುಗಿಯಿತು. ಹೋಗುವುದಿದ್ದರೆ ಕಾರು ಗ್ಯಾರೇಜಿನಲ್ಲಿರಲಿ, ಹೀಟರ್ 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡ, ನೆಲಮಾಳಿಗೆಯಲ್ಲಿ ಮೀಟರ್ ಪಕ್ಕದ ನೀರಿನ ವಾಲ್ವ್ ಮುಚ್ಚಿ ಹೋಗು. ಸೈಡ್‌ವಾಕ್ ತೆಗೆಯಲು ನೆರೆಯವರಿಗೋ ಕನ್ನಡ ಕೂಟದ ಹುಡುಗರಿಗೋ ಹೇಳಿರು.

ಮನೆ ಗೊತ್ತಾದ ದಿನವೇ ಮನೆ ನಂಬರೂ ಬೀದಿಯ ಹೆಸರೂ ಕಳಿಸು. ಅದು ರೂಟ್ ಹೌದೋ ಅಲ್ಲವೋ, ನಿನ್ನದು ಯಾವ ಬದಿ, ಯಾವ ರಾತ್ರಿ ಕಾರು ಎಲ್ಲಿರಬೇಕು ಅಂತ ನೋಡಿ ಬರೆಯುತ್ತೇನೆ. ಫ್ರಿಜ್ ಬಾಗಿಲಿಗೆ ಅಂಟಿಸಿಕೋ.

ನಿನ್ನ,
ಶ್ರೀಧರ