ಬಡವರ ಮಕ್ಕಳು ಮೇಷ್ಟ್ರಾಗುವ ದಾರಿ ಎಲ್ಲೆಲ್ಲಿ ತುಂಡಾಗುತ್ತದೆ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 5 ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಫೋಟೊ ತಪ್ಪುವುದಿಲ್ಲ. ಕೂಲಿ ಮಾಡುತ್ತ ಓದಿ ಸರ್ಕಾರಿ ಶಾಲೆಯ ಮೇಷ್ಟ್ರಾದವರದು. ಓದಿ ಖುಷಿಪಡುವವರಲ್ಲಿ ನಾವೂ ಇದ್ದೇವೆ. ಆದರೆ ಅಷ್ಟೇ ಛಲವಿದ್ದೂ ಮೇಷ್ಟ್ರಾಗದೆ ಉಳಿದವರು ಅದೇ ಊರಿನಲ್ಲಿರುತ್ತಾರೆ, ಅವರ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಅವರಲ್ಲಿ ಅನೇಕರು ಪರೀಕ್ಷೆಗೆ ಮುಂಚೆಯೇ, ಅರ್ಜಿಯ ತಾರೀಖಿನಲ್ಲೋ ಕೋರ್ಸಿನ ಆಯ್ಕೆಯಲ್ಲೋ ತಹಶೀಲ್ದಾರ್ ಕಚೇರಿಯ ಒಂದು ಕಾಗದದಲ್ಲೋ ಎಡವಿದವರು. ಈ ಜಾಗಗಳು ಯಾವುವೆಂದು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಗೂ ಅಪ್ಪ-ಅಮ್ಮಂದಿರಿಗೂ ಗೊತ್ತಾಗುವುದು ಕೆಟ್ಟ ಮೇಲೆ.

ಮೊದಲ ತಿರುವು ಐದನೇ ತರಗತಿಯಲ್ಲೇ ಬರುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ನವೋದಯ ಮುಂತಾದ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕಾದದ್ದು ಆಗ. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ ಸಿಗುವುದರಿಂದ ಗುಳೆ ಹೋಗುವ ಮನೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಸೀಟು ಸಿಕ್ಕರೆ ಬಿಡಬೇಡಿ ಎಂದೇ ನಮ್ಮ ಸಲಹೆ. ಆದರೆ ಸೇರಿಸುವಾಗ ಎರಡು ಲೆಕ್ಕ ಗೊತ್ತಿರಲಿ. ಒಂದು, ವಸತಿ ಶಾಲೆಯಲ್ಲಿದ್ದ ಮಗುವಿಗೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಪಡೆಯುವ ಕೇಂದ್ರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಬರುವುದಿಲ್ಲ. ಎರಡು, ಮುಂದೆ ರಾಜ್ಯದ ಹುದ್ದೆಗಳಲ್ಲಿ ಸಿಗುವ ಶೇ 25ರ ಗ್ರಾಮೀಣ ಮೀಸಲಾತಿಗೂ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಗೂ ಒಂದರಿಂದ ಹತ್ತನೇ ತರಗತಿಯವರೆಗಿನ ಅಷ್ಟೂ ಓದು ಲೆಕ್ಕಕ್ಕೆ ಬರುತ್ತದೆ. ಐದರವರೆಗೆ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ, ಆರಕ್ಕೆ ಪಟ್ಟಣ ಪಂಚಾಯ್ತಿ ವ್ಯಾಪ್ತಿಯ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆ ಸೇರಿದ ಮಗು ಎರಡನ್ನೂ ಕಳೆದುಕೊಂಡಿತು. ಇದು ಅನ್ಯಾಯ. ಸರ್ಕಾರ ತಾನೇ ಕರೆದು ತನ್ನ ಶಾಲೆಗೆ ಸೇರಿಸಿಕೊಂಡ ಹಳ್ಳಿ ಮಗು, ಹತ್ತು ವರ್ಷದ ನಂತರ ಅದೇ ಸರ್ಕಾರದ ಕಡತದಲ್ಲಿ ಪಟ್ಟಣದ ಮಗುವಾಗಿಬಿಡುತ್ತದೆ.

ಊರಲ್ಲೇ ಓದುವ ಮಗುವಿಗೆ ಎನ್‌ಎಂಎಂಎಸ್ ದೊಡ್ಡ ಆಸರೆ. ವರ್ಷಕ್ಕೆ 12,000 ರೂಪಾಯಿಯಂತೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ನಾಲ್ಕು ವರ್ಷ, ಒಟ್ಟು 48,000. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಬಂದಿರಬೇಕು (ಪರಿಶಿಷ್ಟರಿಗೆ ಶೇ 50). ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಶೈಕ್ಷಣಿಕ ಸಾಮರ್ಥ್ಯಕ್ಕೆ 90, ಒಂದೊಂದಕ್ಕೂ ತೊಂಬತ್ತೇ ನಿಮಿಷ. ಅರ್ಹತೆಗೆ ಶೇ 40 ಸಾಕು, ಪರಿಶಿಷ್ಟರಿಗೆ ಶೇ 32. ನಪಾಸಾಗುವ ಮಕ್ಕಳ ಉತ್ತರ ಪತ್ರಿಕೆ ನೋಡಿದರೆ ಗಣಿತ-ವಿಜ್ಞಾನದ ಭಾಗ ಅಷ್ಟು ಕೆಟ್ಟಿರುವುದಿಲ್ಲ. ಸಂಖ್ಯಾಶ್ರೇಣಿ, ಕನ್ನಡಿ ಬಿಂಬ, ಸಂಕೇತ ಬಿಡಿಸುವುದು, ಇವನ್ನು ಆ ಮಕ್ಕಳು ನೋಡಿಯೇ ಇರುವುದಿಲ್ಲ. ಓಎಂಆರ್ ಹಾಳೆಯಲ್ಲಿ 37ನೇ ಪ್ರಶ್ನೆ ಬಿಟ್ಟು ಮುಂದೆ ಹೋದವರು 38ರ ಉತ್ತರವನ್ನು 37ರ ಗುಂಡಿಗೆ ತುಂಬಿ, ಅಲ್ಲಿಂದ ಕೊನೆಯವರೆಗೂ ಒಂದೊಂದು ಮನೆ ಹಿಂದೆ ಬಿದ್ದಿರುತ್ತಾರೆ. ಓಎಂಆರ್ ಹಾಳೆಯ ಇಪ್ಪತ್ತು ಜೆರಾಕ್ಸ್ ಮಾಡಿಸಿ, ಗಡಿಯಾರ ಇಟ್ಟು ಹತ್ತು ಶನಿವಾರ ಬರೆಸಿದರೆ ಈ ತಪ್ಪು ನಿಲ್ಲುತ್ತದೆ. ಇದಕ್ಕೆ ಕೋಚಿಂಗ್ ಬೇಡ, ಅನುದಾನವೂ ಬೇಡ.

ಪಾಸಾದ ಮೇಲೂ ಗಂಡಾಂತರ ಮುಗಿಯುವುದಿಲ್ಲ. ವರ್ಷ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ಬರಲೇಬೇಕು, ಪರಿಶಿಷ್ಟರಿಗೆ ಶೇ 55. ಹೈಸ್ಕೂಲು ಬಿಟ್ಟು ಪಿಯು ಕಾಲೇಜಿಗೆ ಹೋದ ಜೂನ್‌ನಲ್ಲಿ ಹೆಚ್ಚಿನವರ ಹಣ ನಿಲ್ಲುತ್ತದೆ. ಹೈಸ್ಕೂಲಿನವರು ‘ಇನ್ನು ಕಾಲೇಜಿನವರ ಕೆಲಸ’ ಅನ್ನುತ್ತಾರೆ, ಕಾಲೇಜಿನ ಗುಮಾಸ್ತರಿಗೆ ಈ ಮಗು ಎನ್‌ಎಂಎಂಎಸ್ ಪಾಸಾಗಿದ್ದೇ ಗೊತ್ತಿರುವುದಿಲ್ಲ.

ದುಡ್ಡು ಮಂಜೂರಾಗಿಯೂ ಕೈಗೆ ಸಿಗದಿರುವುದಕ್ಕೆ ಕಾರಣ ಬಹಳ ಸಲ ಬ್ಯಾಂಕಿನಲ್ಲಿದೆ. ವಿದ್ಯಾರ್ಥಿವೇತನ ಹೋಗುವುದು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ಎರಡು ಖಾತೆ ಇದ್ದರೆ ಕೊನೆಗೆ ಜೋಡಣೆಯಾದದ್ದಕ್ಕೆ ಹೋಗುತ್ತದೆ. ಯಾವಾಗಲೋ ಯಾರೋ ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆಯಲ್ಲಿ ಹಣ ಬಿದ್ದಿರುತ್ತದೆ, ಇತ್ತ ಹುಡುಗಿ ಬ್ಯಾಂಕಿಗೆ ಮೂರು ಸಲ ಅಲೆದು ‘ಬಂದಿಲ್ಲ’ ಅನ್ನಿಸಿಕೊಂಡು ಓದು ಬಿಟ್ಟಿರುತ್ತಾಳೆ. ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ ‘ದುಡ್ಡು ಬಂತಾ’ ಅಂತಲ್ಲ. ‘ನನ್ನ ಆಧಾರ್ ಈಗ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ’ ಅಂತ ಕೇಳಬೇಕು. ಇನ್ನೊಂದು ವಿಷಯ: ಹದಿನೈದು ವರ್ಷ ತುಂಬಿದ ಮಗುವಿನ ಬೆರಳಚ್ಚನ್ನು ಆಧಾರ್‌ನಲ್ಲಿ ಮತ್ತೆ ಕೊಡಬೇಕು. ಕೊಡದಿದ್ದರೆ ಹೆಬ್ಬೆಟ್ಟು ಹೊಂದುವುದಿಲ್ಲ, ಸರಿಯಾಗಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎಸ್‌ಎಸ್‌ಪಿ) ಅರ್ಜಿಯ ಹೊತ್ತಿಗೆ ಕೈಕೊಡುತ್ತದೆ.

ಹೆಸರಿನ ತಕರಾರು ಇವೆಲ್ಲಕ್ಕಿಂತ ಹಳೆಯದು. ಶಾಲೆಯ ದಾಖಲಾತಿ ವಹಿಯಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಹನುಮಪ್ಪ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ್ ಎಚ್. ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೊಂದು ‘ಎ’ ಇದೆಯೋ ಇಲ್ಲವೋ ಎಂಬುದರ ಮೇಲೆ ಪೋರ್ಟಲ್ ಅರ್ಜಿಯನ್ನು ವಾಪಸ್ ಕಳಿಸುತ್ತದೆ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಕೂರುವವರ ಪಟ್ಟಿ (ನಾಮಿನಲ್ ರೋಲ್) ಕಳಿಸುವ ಮುಂಚೆ ಒಂದು ಕರಡು ಪ್ರತಿ ಬರುತ್ತದಲ್ಲ, ಅದನ್ನು ಮಕ್ಕಳ ಕೈಗೆ ಕೊಟ್ಟು, ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿಸಬೇಕು. ಆಗ ಒಂದು ಗಂಟೆಯ ಕೆಲಸ. ಅಂಕಪಟ್ಟಿ ಅಚ್ಚಾದ ಮೇಲೆ ಮಂಡಳಿಗೆ ಅಲೆಯಬೇಕು, ಹುಟ್ಟಿದ ತಾರೀಖು ತಪ್ಪಿದ್ದರಂತೂ ಕೋರ್ಟಿಗೇ ಹೋಗಬೇಕಾಗುತ್ತದೆ.

ಇನ್ನು ಕೋರ್ಸಿನ ವಿಚಾರ. ಬಡ ಕುಟುಂಬ ಸಹಜವಾಗಿ ಬೇಗ ಮುಗಿಯುವ ದಾರಿ ಹುಡುಕುತ್ತದೆ: ಪಿಯು ಆದ ಮೇಲೆ ಎರಡು ವರ್ಷದ ಡಿ.ಎಲ್‌.ಇಡಿ, ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ. ಪಿಯುನಲ್ಲಿ ಶೇ 50 (ಪರಿಶಿಷ್ಟರು, ಪ್ರವರ್ಗ-1ಕ್ಕೆ ಶೇ 45) ಇದ್ದರೆ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಸರ್ಕಾರಿ ಶುಲ್ಕದಲ್ಲಿ ಓದಬಹುದು. ಪದವಿ ಮೂರು, ಬಿ.ಇಡಿ ಎರಡು ಎಂದು ಐದು ವರ್ಷ ಕಾಯುವುದಕ್ಕಿಂತ ಇದು ಸಲೀಸು. ಆದರೆ ನೇಮಕಾತಿಯ ಇತಿಹಾಸ ನೋಡಿ. ರಾಜ್ಯದಲ್ಲಿ 2019ರಲ್ಲೂ 2022ರಲ್ಲೂ ದೊಡ್ಡ ಸಂಖ್ಯೆಯಲ್ಲಿ ಕರೆದದ್ದು ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರನ್ನು. ಪದವಿ ಇಲ್ಲದ ಡಿ.ಎಲ್‌.ಇಡಿಯವರು ಹೊರಗೇ ನಿಂತರು. ಬಿ.ಇಡಿ ಮಾಡಿದವರ ಕತೆ ತಿರುಗುಮುರುಗು. ಅವರೂ ಒಂದರಿಂದ ಐದಕ್ಕೆ ಕಲಿಸಬಹುದು ಎಂದು 2018ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ (ಎನ್‌ಸಿಟಿಇ) ಕೊಟ್ಟಿದ್ದ ಅವಕಾಶವನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಒಪ್ಪಲಿಲ್ಲ. ಹಾಗಾಗಿ ಒಂದರಿಂದ ಐದಕ್ಕೆ ಡಿ.ಎಲ್‌.ಇಡಿಯೇ ಬೇಕು, ಆರರಿಂದ ಎಂಟಕ್ಕೆ ಪದವಿ ಬೇಕು. ನಮ್ಮನ್ನು ಕೇಳಿದರೆ ಕೈಯಲ್ಲಿ ಕಾಸಿಲ್ಲದವರಿಗೆ ಡಿ.ಎಲ್‌.ಇಡಿ ಮುಗಿಸಿ, ದುಡಿಯುತ್ತಲೇ ಪದವಿ ಮಾಡಿಕೊಳ್ಳುವುದು ಲೇಸು. ಆಗ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡೂ ಪತ್ರಿಕೆಗಳ (ಒಂದರಿಂದ ಐದಕ್ಕೊಂದು, ಆರರಿಂದ ಎಂಟಕ್ಕೊಂದು) ಬಾಗಿಲು ತೆರೆದಿರುತ್ತದೆ. ದೂರಶಿಕ್ಷಣಕ್ಕೆ ಸೇರುವುದಾದರೆ ಆ ವರ್ಷಕ್ಕೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಿಯೇ ಶುಲ್ಕ ಕಟ್ಟಿ. 2013–14ರಿಂದ 2018ರವರೆಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ತಪ್ಪಿದ್ದಾಗ ಪಟ್ಟ ಪಾಡು ಮರೆಯುವಂಥದ್ದಲ್ಲ.

ಪದವಿಯ ವಿಷಯಗಳನ್ನು ಆರಿಸುವಾಗಲೇ ನೇಮಕಾತಿ ನಿಯಮ ತೆರೆದಿಟ್ಟುಕೊಳ್ಳಬೇಕು. ಇಂಗ್ಲಿಷ್ ಶಿಕ್ಷಕರಾಗಲು ಐಚ್ಛಿಕ ಇಂಗ್ಲಿಷ್ ಬೇಕು, ಎಲ್ಲರೂ ಓದುವ ಭಾಷಾ ಇಂಗ್ಲಿಷ್ ನಡೆಯುವುದಿಲ್ಲ. ಊರ ಹತ್ತಿರದ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ ಅದಕ್ಕೆ ಸೇರಿ, ಬಿ.ಇಡಿಯನ್ನೂ ಮುಗಿಸಿ, ಕೊನೆಗೆ ಯಾವ ಹುದ್ದೆಗೂ ಹೊಂದದೆ ಕೂತವರು ತಾಲ್ಲೂಕಿಗೆ ಹತ್ತಿಪ್ಪತ್ತು ಜನ ಸಿಗುತ್ತಾರೆ.

ಬಿ.ಇಡಿಯ ಬಗ್ಗೆ ಒಂದು ಕಹಿ ಮಾತು. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎನ್ನುವ ಕಾಲೇಜುಗಳಿವೆ. ದಿನಗೂಲಿಗೆ ಹೋಗುವ ಹುಡುಗನಿಗೆ ಅದು ವರದಂತೆ ಕಾಣುತ್ತದೆ. ನಿಯಮದ ಪ್ರಕಾರ ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕು, ಎರಡು ವರ್ಷದಲ್ಲಿ ಶಾಲೆಯಲ್ಲಿ ಕಳೆಯಬೇಕಾದದ್ದು 20 ವಾರ. ಆ ಇಪ್ಪತ್ತು ವಾರ ತಪ್ಪಿಸಿಕೊಂಡವರು ಪಾಠಯೋಜನೆಯನ್ನು ಅಂಗಡಿಯಲ್ಲಿ ಬರೆಸುತ್ತಾರೆ. ನೇಮಕಾತಿ ಪರೀಕ್ಷೆಯಲ್ಲಿ ವಿವರಣಾತ್ಮಕ ಉತ್ತರ ಬರೆಯಬೇಕಾದಾಗ ಪೆನ್ನು ಓಡುವುದಿಲ್ಲ. ಅರ್ಹರು ಸಾಲದೆ ಹುದ್ದೆಗಳು ಖಾಲಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಟಿಇಟಿಗೆ ಬರೋಣ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅರ್ಹತೆಗೆ ಶೇ 60, ಅಂದರೆ 90. ಪರಿಶಿಷ್ಟರು, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ 55. ಮೊದಲ ಪತ್ರಿಕೆಯಲ್ಲಿ ಶಿಶು ವಿಕಾಸ, ಭಾಷೆ-1, ಭಾಷೆ-2, ಗಣಿತ, ಪರಿಸರ ಅಧ್ಯಯನಕ್ಕೆ ತಲಾ 30. ಕನ್ನಡ ಮಾಧ್ಯಮದವರು ಮುಗ್ಗರಿಸುವುದು ಭಾಷೆ-2ರ ಇಂಗ್ಲಿಷ್‌ನಲ್ಲಿ. ಅಲ್ಲಿ 12 ಬಂತು ಅನ್ನಿ, ಉಳಿದ 120ರಲ್ಲಿ 78 ತೆಗೆಯಬೇಕು, ಶೇ 65 ಆಯಿತು. ಅದೇ ಇಂಗ್ಲಿಷ್‌ನಲ್ಲಿ 18 ತೆಗೆದರೆ ಉಳಿದವುಗಳಲ್ಲಿ ಶೇ 60 ಸಾಕು. ಆ ಆರು ಅಂಕಕ್ಕೆ ದೊಡ್ಡ ವ್ಯಾಕರಣ ಪುಸ್ತಕ ಬೇಕಿಲ್ಲ, ಆರರಿಂದ ಎಂಟನೇ ತರಗತಿಯ ಇಂಗ್ಲಿಷ್ ಪಠ್ಯವನ್ನು ಎರಡು ಸಲ ಓದಿ, ಗದ್ಯಭಾಗದ ಪ್ರಶ್ನೆಗಳನ್ನು ದಿನಕ್ಕೊಂದರಂತೆ ಬಿಡಿಸಿದರೆ ಆದೀತು. ಒಮ್ಮೆ ಪಾಸಾದರೆ ಜೀವನಪರ್ಯಂತ ಮಾನ್ಯ. ಆದರೂ ಕಡಿಮೆ ಅಂಕ ಬಂದವರು ಮತ್ತೆ ಬರೆಯುವುದು ಒಳಿತು, ಆಯ್ಕೆ ಪಟ್ಟಿ ಮಾಡುವಾಗ ಟಿಇಟಿ ಅಂಕಕ್ಕೂ ಪಾಲಿರುತ್ತದೆ. (ಕೆಲಸದಲ್ಲಿರುವವರೂ ಟಿಇಟಿ ಪಾಸಾಗಬೇಕೆಂದ 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿರುವ ಮೇಷ್ಟ್ರುಗಳೇ ಟಿಇಟಿ ಗೈಡ್ ಹಿಡಿದು ಕೂತಿದ್ದಾರೆ. ಹೊಸಬರು ಸಂಕೋಚಪಡಬೇಕಾದ್ದೇನೂ ಇಲ್ಲ.)

ಎಲ್ಲ ದಾಟಿ ಬಂದವರು ದಾಖಲೆ ಪರಿಶೀಲನೆಯಲ್ಲಿ ಬೀಳುವುದು ಕರುಳು ಚುರುಕ್ ಎನ್ನಿಸುವ ಸಂಗತಿ. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ ಇರುತ್ತದೆ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಇರುವುದಿಲ್ಲ. 2ಎ, 2ಬಿ, 3ಎ, 3ಬಿ ಪ್ರವರ್ಗದವರ ಜಾತಿ-ಆದಾಯ ಪತ್ರದ ಐದು ವರ್ಷದ ಅವಧಿ ಹಿಂದಿನ ತಿಂಗಳಷ್ಟೇ ತೀರಿರುತ್ತದೆ. ಕಲ್ಯಾಣ ಕರ್ನಾಟಕದವರು ಸ್ಥಳೀಯರ ಮೀಸಲಾತಿಯ 371(ಜೆ) ಅರ್ಹತಾ ಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟಿರುತ್ತಾರೆ, ಪತ್ರ ಕೈಗೆ ಬಂದಾಗ ನೇಮಕಾತಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಪತ್ರದ ಮೇಲಿನ ತಾರೀಖು ಆ ಕೊನೆಯ ದಿನಕ್ಕಿಂತ ಮುಂಚಿನದಾಗಿರಬೇಕು. ಮದುವೆಯಾದ ಹೆಣ್ಣುಮಕ್ಕಳದು ಬೇರೆಯೇ ಪೇಚು. 2022ರಲ್ಲಿ 15,000 ಹುದ್ದೆಗೆ ಕರೆದಾಗ, ಆದಾಯ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು. ಮೇ ತಿಂಗಳಲ್ಲಿ ಪರೀಕ್ಷೆ ಬರೆದಿದ್ದವರಿಗೆ ನೇಮಕಾತಿ ಆದೇಶ ಸಿಗುವಷ್ಟರಲ್ಲಿ 2023ರ ಕೊನೆ ಬಂದಿತ್ತು. ಅಧಿಸೂಚನೆ ಬರುವ ಮುಂಚೆಯೇ ಎರಡೂ ಪತ್ರ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಈ ಕಾಯುವ ಕಾಲವೇ ಬಡವರಿಗೆ ಭಾರ. ಅನುಕೂಲಸ್ಥರ ಮಕ್ಕಳು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ಮೂರು ವರ್ಷ ಓದುತ್ತಾರೆ. ಉಳಿದವರು ಅತಿಥಿ ಶಿಕ್ಷಕರಾಗುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ಇದ್ದ ಗೌರವಧನಕ್ಕೆ 2025–26ರ ಬಜೆಟ್‌ನಲ್ಲಿ 2,000 ಸೇರಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಐದು ವರ್ಷ ನೇಮಕಾತಿ ಕರೆಯದಿದ್ದರೆ ವಯೋಮಿತಿ ಮೀರುವುದು ಇವರದೇ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಎಂಟನೇ ತರಗತಿಯಲ್ಲಿ ಪ್ರತಿ ಮಗುವಿಗೆ ಒಂದು ರಟ್ಟಿನ ಫೈಲು ಮಾಡಿ, ಆಧಾರ್, ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಮತ್ತು ಅವಧಿ, ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಸಂಖ್ಯೆ, ಮ್ಯಾಪ್ ಆದ ಬ್ಯಾಂಕ್ ಹೆಸರು, ಮೇಲುರುಜು ಆದ ವ್ಯಾಸಂಗ ಪತ್ರ ಇವಿಷ್ಟನ್ನು ಅದರಲ್ಲಿ ಹಾಕಿ, ಟಿಸಿ ಜೊತೆ ಕೈಗೆ ಕೊಡಲಿ. ವಸತಿ ಶಾಲೆ ಸೇರಿದ ಹಳ್ಳಿ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಉಳಿಸುವ ತಿದ್ದುಪಡಿ ತರಲಿ. ಕೆಪಿಎಸ್‌ಸಿಯವರಿಗೆ ಕೇಳುವಂತೆ ಶಿಕ್ಷಣ ಇಲಾಖೆಗೂ ನೇಮಕಾತಿಯ ವೇಳಾಪಟ್ಟಿ ಕೇಳುವವರು ಬೇಕು, ಅದು ಪತ್ರಿಕೆಗಳ ಕೆಲಸವೂ ಹೌದು.

ಮುಂದಿನ ಸೆಪ್ಟೆಂಬರ್ 5ಕ್ಕೆ ಆ ಫೋಟೊ ಖಂಡಿತ ಹಾಕಿ. ಅದರ ಕೆಳಗೆ ಎರಡಿಂಚು ಜಾಗ ಬಿಟ್ಟು, ಆ ವರ್ಷದ ಎನ್‌ಎಂಎಂಎಸ್ ಅರ್ಜಿಗೆ ಕೊನೆಯ ದಿನ ಯಾವುದು ಎಂದೂ ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

– ಪ್ರೌಢಶಾಲಾ ಶಿಕ್ಷಕರಿಬ್ಬರು, ಕೊಪ್ಪಳ ಜಿಲ್ಲೆ