ಸ್ವಾಮಿ ರಾಮಾನಂದ ತೀರ್ಥರ ಹೆಸರಲ್ಲಿ ಒಂದು ಓದುವ ಕೋಣೆ: ದೇಣಿಗೆ ಮನವಿ

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ನಮ್ಮೂರ ಪ್ರೌಢಶಾಲೆಯ ಹಳೇ ವಿದ್ಯಾರ್ಥಿಗಳು ಬರೆಯುತ್ತಿದ್ದೇವೆ. ಶಾಲೆಯಲ್ಲಿ ಒಂದು ಕೋಣೆ ಸುಮ್ನೆ ಖಾಲಿ ಬಿದ್ದಿದೆ. ಅದನ್ನು ಮಕ್ಕಳು ಕೂತು ಓದುವ ಕೋಣೆ ಮಾಡಿ, ಹೈದರಾಬಾದಿನ ನಿಜಾಮರ ವಿರುದ್ಧ ಹೋರಾಟ ನಡೆಸಿದ ಸ್ವಾಮಿ ರಾಮಾನಂದ ತೀರ್ಥರ ಹೆಸರಿಡಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಅದಕ್ಕೆ ದುಡ್ಡು ಬೇಕು, ನಿಮ್ಮನ್ನು ಕೇಳುತ್ತಿದ್ದೇವೆ.

ಅವರ ಹೆಸರೇ ಯಾಕೆ? ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ಧ್ವಜ ಏರಿಸುತ್ತೇವೆ, ಮಕ್ಕಳಿಗೆ ಸಿಹಿ ಹಂಚುತ್ತೇವೆ. ಉಳಿದ ಊರುಗಳಿಗೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ಕಲಬುರಗಿ, ಬೀದರ, ರಾಯಚೂರಿನವರು ಇನ್ನೂ ಹದಿಮೂರು ತಿಂಗಳು ಹೈದರಾಬಾದಿನ ದೊರೆ ನಿಜಾಮರ ಆಳ್ವಿಕೆಯಲ್ಲೇ ಇದ್ದರು, 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂದು 17ಕ್ಕೆ ನಿಜಾಮರು ಶರಣಾದ ಮೇಲೇ ನಮ್ಮ ಭಾಗ ಭಾರತಕ್ಕೆ ಸೇರಿದ್ದು. ಇದನ್ನೇ ಪೊಲೀಸ್ ಆಕ್ಷನ್ ಅನ್ನುತ್ತಾರೆ. ಇಷ್ಟನ್ನು ಭಾಷಣದಲ್ಲಿ ಹೇಳುತ್ತೇವೆ. ಆದರೆ ಅದಕ್ಕಾಗಿ ನಿಜಾಮರ ವಿರುದ್ಧ ಹೋರಾಟ ನಡೆಸಿದವರು ಯಾರು ಅಂದರೆ ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತಿಲ್ಲ. ಅದು ಮಕ್ಕಳ ತಪ್ಪಲ್ಲ. ಓದೋಣ ಅಂದರೆ ಶಾಲೆಯಲ್ಲಿ ಪುಸ್ತಕವೇ ಇಲ್ಲ.

ಸ್ವಾಮೀಜಿ ಅಂದ ಕೂಡಲೇ ಜನ ಮಠ ಅಂದುಕೊಳ್ಳುತ್ತಾರೆ. ಅವರು ಮಠ ಕಟ್ಟಲಿಲ್ಲ. ಮೊದಲಿನ ಹೆಸರು ವೆಂಕಟೇಶ ಖೇಡಗೀಕರ, ಹುಟ್ಟಿದ್ದು 1903ರ ಅಕ್ಟೋಬರ್ 3ಕ್ಕೆ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ಕೆಲಸ ಮಾಡಿದರು, ಆಮೇಲೆ ಶಾಲಾ ಮಾಸ್ತರರಾದರು. ಉಸ್ಮಾನಾಬಾದ್ ಕಡೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ, ನಂತರ ಅಂಬಾಜೋಗಾಯಿಯಲ್ಲಿ ಪಾಠ ಮಾಡಿದರು. ಸನ್ಯಾಸ ತೆಗೆದುಕೊಂಡ ಮೇಲೂ ಪಾಠ ಬಿಡಲಿಲ್ಲ. ನಮಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹತ್ತಿರ ಅನಿಸುವುದು ಇದೇ. ನಿಜಾಮರ ಕಾಲದಲ್ಲಿ ಆಡಳಿತ, ಕೋರ್ಟು, ಕಾಲೇಜು ಎಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು, ಸಭೆ ಕರೆಯಬೇಕಾದರೂ ಸರ್ಕಾರದ ಅಪ್ಪಣೆ ಬೇಕಿತ್ತು, ಅಂಥ ಕಡೆ ಹುಡುಗರಿಗೆ ದೇಶದ ವಿಚಾರ ತಿಳಿಯುವ ಜಾಗ ಅಂದರೆ ಇಂಥ ಶಾಲೆಗಳೇ. ಕಲಬುರಗಿಯಲ್ಲಿ ನೂತನ ವಿದ್ಯಾಲಯ ಮಾಡಿದ ಕೆಲಸವನ್ನು ಹಿರಿಯರು ಈಗಲೂ ನೆನೆಯುತ್ತಾರೆ.

1938ರಲ್ಲಿ ಈ ಹೋರಾಟದ ಸಂಘಟನೆಯಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಹುಟ್ಟುವ ಮೊದಲೇ ನಿಜಾಮರ ಸರ್ಕಾರ ಅದನ್ನು ನಿಷೇಧಿಸಿತು. ಸತ್ಯಾಗ್ರಹ ಮಾಡಿ ಸ್ವಾಮೀಜಿ ಜೈಲಿಗೆ ಹೋದರು. ನಿಷೇಧ ತೆರವಾಗಿದ್ದು 1946ರಲ್ಲಿ. ಆಮೇಲೆ ಅದರ ಅಧ್ಯಕ್ಷರಾದರು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೇ ಅವರನ್ನು ಹೈದರಾಬಾದಿನಲ್ಲಿ ಬಂಧಿಸಿದರು. ಮಧ್ಯೆ ಒಮ್ಮೆ ಬಿಟ್ಟು ಮತ್ತೆ ಹಿಡಿದರು. ಇತ್ತ ನಿಜಾಮರ ಪರ ನಿಂತ ಖಾಸಿಂ ರಜ್ವಿಯ ಹಥಿಯಾರಬಂದ್ ಪಡೆಯಾದ ರಜಾಕಾರರ ಹಾವಳಿ. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಬಗ್ಗೆ ಆ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಪೊಲೀಸ್ ಆಕ್ಷನ್ ಮುಗಿದ ಮೇಲೆಯೇ ಸ್ವಾಮೀಜಿ ಜೈಲಿನಿಂದ ಹೊರಬಂದದ್ದು.

1952ರ ಮೊದಲ ಚುನಾವಣೆಯಲ್ಲಿ ಅವರನ್ನು ಲೋಕಸಭೆಗೆ ಕಳಿಸಿದ್ದು ನಮ್ಮ ಗುಲ್ಬರ್ಗಾದ ಮತದಾರರು. ಹೈದರಾಬಾದ್ ರಾಜ್ಯವನ್ನು ಭಾಷೆಯ ಪ್ರಕಾರ ಹಂಚಬೇಕು ಅಂತ ಗಟ್ಟಿಯಾಗಿ ಹೇಳಿದವರು ಅವರು. 1956ರ ನವೆಂಬರ್ 1ಕ್ಕೆ ನಾವು ಕನ್ನಡದವರ ಜೊತೆ ಸೇರಿದ್ದರಲ್ಲಿ ಅವರ ಪಾಲೂ ಇದೆ. 1957ರಲ್ಲಿ ಔರಂಗಾಬಾದಿನಿಂದ ಗೆದ್ದರು, 1972ರ ಜನವರಿ 22ಕ್ಕೆ ತೀರಿಕೊಂಡರು. ನಾಂದೇಡದಲ್ಲಿ ಒಂದು ವಿಶ್ವವಿದ್ಯಾಲಯಕ್ಕೇ ಅವರ ಹೆಸರಿದೆ. ಅವರನ್ನು ಆರಿಸಿ ಕಳಿಸಿದ ಜಿಲ್ಲೆಯ ಒಂದು ಶಾಲೆಯಲ್ಲಿ ಒಂದು ಕೋಣೆಯಾದರೂ ಬೇಡವಾ?

ಕೋಣೆಯಲ್ಲಿ ಬರೀ ಸ್ವಾಮೀಜಿಯ ಫೋಟೋ ಹಾಕಿ ಹಾರ ಹಾಕುವ ಯೋಚನೆ ಇಲ್ಲ. ಇದೇ ಹೋರಾಟದಲ್ಲಿದ್ದ ಮಹಾಗಾಂವದ ಚಂದ್ರಶೇಖರ ಪಾಟೀಲರು, ಸರದಾರ ಶರಣಗೌಡ ಇನಾಮದಾರರು, ರಜಾಕಾರರ ವಿರುದ್ಧ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಕೊಲೆಯಾದ ಪತ್ರಕರ್ತ ಶೋಯೆಬುಲ್ಲಾ ಖಾನ್, ಇವರೆಲ್ಲರ ಬಗ್ಗೆಯೂ ಮಕ್ಕಳು ಓದಬೇಕು. ಊರಿನ ಹಿರಿಯರ ನೆನಪುಗಳನ್ನೂ ರೆಕಾರ್ಡ್ ಮಾಡಿ ಇಡುತ್ತೇವೆ. ರಜಾಕಾರರಿಗೆ ಹೆದರಿ ಗಡಿ ದಾಟಿದವರ ಮನೆಯ ಮಾತೂ ಬೇಕು, ಪೊಲೀಸ್ ಆಕ್ಷನ್ ನಂತರ ಹಿಂಸೆ ಕಂಡ ಮುಸ್ಲಿಂ ಮನೆಗಳ ಮಾತೂ ಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ.

ಖರ್ಚು ಒಟ್ಟು ಸುಮಾರು 1,80,000 ರೂಪಾಯಿ. ಜಾಸ್ತಿ ಹೋಗುವುದು ಛಾವಣಿ ರಿಪೇರಿಗೆ, ಮಳೆಗಾಲದಲ್ಲಿ ಸೋರುತ್ತದೆ, ಪುಸ್ತಕ ಇಡುವ ಮೊದಲು ಅದೇ ಆಗಬೇಕು. ಉಳಿದದ್ದು ಎರಡು ಅಲ್ಮಾರಿ, ಬೆಂಚು, ಫ್ಯಾನು, ಪುಸ್ತಕಕ್ಕೆ. ನೂರು ರೂಪಾಯಿ ಕೊಟ್ಟರೂ ಸಂತೋಷ. ತೊಗರಿ ರಾಶಿ ಆದ ಮೇಲೆ ಕೊಡುತ್ತೇವೆ ಅನ್ನುವವರು ಈಗಲೇ ಹೆಸರು ಬರೆಸಿ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದ ನಮ್ಮೂರವರು ಊರಿಗೆ ಬಂದಾಗ ಕೊಟ್ಟರೂ ನಡೆಯುತ್ತದೆ. ಮನೆಯಲ್ಲಿ ಆ ಕಾಲದ ಫೋಟೋ, ಪತ್ರ, ಜೈಲಿನ ಕಾಗದ ಇದ್ದರೆ ತನ್ನಿ, ನಕಲು ತೆಗೆದು ಅಸಲನ್ನು ಅವತ್ತೇ ವಾಪಸ್ ಕೊಡುತ್ತೇವೆ.

ಹಣವನ್ನು ಶಾಲೆಯ ಆಫೀಸಿನಲ್ಲೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ಫೋನ್‌ಪೇ ಮಾಡುವವರಿಗೆ ಕ್ಯೂಆರ್ ಕೋಡ್ ಅಲ್ಲೇ ಗೋಡೆ ಮೇಲಿದೆ. ಆದಾಯ ತೆರಿಗೆ ವಿನಾಯಿತಿ ನಮಗಿಲ್ಲ, ಮೊದಲೇ ತಿಳಿಸಿದ್ದೇವೆ. ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ತಿಂಗಳ ಕೊನೆಗೆ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ, ಯಾರು ಬೇಕಾದರೂ ಬಂದು ನೋಡಿ, ಕೇಳಿ.